ಶುಗರ್ ಎಷ್ಟಿದೆ ಅಂತ ಗೊತ್ತು, ಎಷ್ಟಿರಬೇಕು ಅಂತ ಗೊತ್ತಾ?

ತಿಪಟೂರಿನ ಆಸ್ಪತ್ರೆಯೊಂದರಲ್ಲಿ ನಾನು ಡಯಾಬಿಟಿಸ್ ಎಜುಕೇಟರ್. ಡಾಕ್ಟರ್ ಕೋಣೆಯಿಂದ ಚೀಟಿ ಹಿಡಿದು ಹೊರಗೆ ಬಂದವರು ನೇರವಾಗಿ ಬರುವುದು ನನ್ನ ಮೇಜಿಗೆ. ಮಾತ್ರೆ ಯಾವಾಗ ನುಂಗಬೇಕು, ಇನ್ಸುಲಿನ್ ಎಲ್ಲಿ ಚುಚ್ಚಿಕೊಳ್ಳಬೇಕು, ಕಾಲು ಹೇಗೆ ನೋಡಿಕೊಳ್ಳಬೇಕು ಅಂತ ಹೇಳಿಕೊಡುತ್ತೇನೆ. ಅದಕ್ಕೂ ಮೊದಲು ಎಲ್ಲರಿಗೂ ಒಂದು ಪ್ರಶ್ನೆ ಕೇಳುತ್ತೇನೆ: "ನಿಮ್ಮ ಶುಗರ್ ಎಷ್ಟಕ್ಕೆ ಬರಬೇಕು ಅಂತ ಹೇಳಿದ್ದಾರೆ?"

ಇವತ್ತಿನ ಶುಗರ್ ಎಷ್ಟು ಅಂದರೆ ಥಟ್ಟನೆ ಹೇಳುತ್ತಾರೆ. ಎಷ್ಟಕ್ಕೆ ಬರಬೇಕು ಅಂದರೆ ಪಕ್ಕದಲ್ಲಿರುವ ಮಗನ ಮುಖ ನೋಡುತ್ತಾರೆ. ಆಮೇಲೆ "ನಾರ್ಮಲ್ ಆಗಬೇಕು" ಅನ್ನುತ್ತಾರೆ. ನಾರ್ಮಲ್ ಅಂದರೆ ಎಷ್ಟು ಅಂತ ಕೇಳಿದರೆ ಸುಮ್ಮನಾಗುತ್ತಾರೆ. ಈ ಸಲ ಬಂದ ಪತ್ರಗಳಲ್ಲೂ ಇದೇ ಗೊಂದಲ ಜಾಸ್ತಿ. ಅದಕ್ಕೇ ಅವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ವಯಸ್ಸು 61. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಪ್ರತಿ ತಿಂಗಳು ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುತ್ತೇನೆ. ಈ ಸಲ 118 ಬಂತು. ಆದರೂ ಡಾಕ್ಟರು ಮಾತ್ರೆ ಜಾಸ್ತಿ ಮಾಡಿದರು. ಕೇಳಿದ್ದಕ್ಕೆ "ಮೂರು ತಿಂಗಳ ಸರಾಸರಿ 8.6 ಇದೆ" ಅಂದರು. ಎರಡರಲ್ಲಿ ಯಾವುದನ್ನು ನಂಬಲಿ?
– ಓದುಗರು, ಅರಸೀಕೆರೆ

ಉತ್ತರ: ಮೇಷ್ಟ್ರೇ, ಎರಡನ್ನೂ ನಂಬಿ. 118 ಅನ್ನುವುದು ಆ ದಿನ ಬೆಳಿಗ್ಗೆ, ಆ ಹೊತ್ತಿನ ಲೆಕ್ಕ. 8.6 ಅನ್ನುವುದು ಎಚ್‌ಬಿಎ1ಸಿ. ರಕ್ತದಲ್ಲಿನ ಸಕ್ಕರೆ ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಆ ಕಣ ಸುಮಾರು 120 ದಿನ ಬದುಕುತ್ತದೆ. ಎಷ್ಟು ಅಂಟಿಕೊಂಡಿದೆ ಅಂತ ಅಳೆದರೆ ಹಿಂದಿನ ಎರಡು ಮೂರು ತಿಂಗಳು ಸಕ್ಕರೆ ಹೇಗಿತ್ತು ಅಂತ ಗೊತ್ತಾಗುತ್ತದೆ. ಇನ್‌ಸ್ಪೆಕ್ಟರ್ ಬಂದ ದಿನದ ಹಾಜರಿ ನೋಡಿ ಆ ಹುಡುಗ ಟರ್ಮ್ ಪೂರ್ತಿ ಶಾಲೆಗೆ ಬಂದಿದ್ದ ಅಂತ ನೀವು ಬರೆಯುತ್ತಿರಲಿಲ್ಲ, ಅಲ್ವಾ?

ಎಚ್‌ಬಿಎ1ಸಿ 8.6 ಅಂದರೆ ಸರಾಸರಿ ಸಕ್ಕರೆ 200ರ ಆಸುಪಾಸು. 7 ಅಂದರೆ 154ರ ಆಸುಪಾಸು. ಬೆಳಿಗ್ಗೆ 118 ಇರುವ ನಿಮಗೆ ಸರಾಸರಿ 200 ಬರಬೇಕಾದರೆ ದಿನದ ಉಳಿದ ಹೊತ್ತು, ಮುಖ್ಯವಾಗಿ ಊಟ ತಿಂಡಿ ಆದ ಮೇಲೆ, ಅದು ಸಾಕಷ್ಟು ಮೇಲೆ ಹೋಗುತ್ತಿರಬೇಕು. ನೀವು ನೋಡಿಕೊಳ್ಳುತ್ತಿರುವುದು ಖಾಲಿ ಹೊಟ್ಟೆಯದು ಮಾತ್ರ. ಹಾಗಾಗಿ ಆ ಏರಿಕೆ ನಿಮಗೆ ಕಾಣಿಸುತ್ತಿಲ್ಲ.

ಇನ್ನೊಂದು ಮಾತು ಕೇಳಬೇಕು. ರಕ್ತ ಕೊಡುವ ಹಿಂದಿನ ರಾತ್ರಿ ಊಟ ಕಡಿಮೆ ಮಾಡುತ್ತೀರಾ? ನಮ್ಮ ಆಸ್ಪತ್ರೆಯ ಲ್ಯಾಬ್ ಮುಂದೆ ಬೆಳಿಗ್ಗೆ ಏಳು ಗಂಟೆಗೇ ಸಾಲು ನಿಲ್ಲುತ್ತದೆ. ಮಾತಿಗೆಳೆದರೆ ಒಬ್ಬೊಬ್ಬರೂ ಒಂದೊಂದು ಹೇಳುತ್ತಾರೆ. ಒಬ್ಬರು ರಾತ್ರಿ ಬರೀ ಮಜ್ಜಿಗೆ ಕುಡಿದು ಮಲಗಿರುತ್ತಾರೆ. ಇನ್ನೊಬ್ಬರು ಎರಡು ದಿನದಿಂದ ಅನ್ನ ಮುಟ್ಟಿರುವುದಿಲ್ಲ. ತಿಂಡಿ ಆದ ಮೇಲೆ ಎರಡನೇ ಸಲ ರಕ್ತ ಕೊಡಬೇಕಾದವರು ಎದುರಿನ ಹೋಟೆಲಿನಲ್ಲಿ ಒಂದೇ ಇಡ್ಲಿ ತಿಂದು, ಬೆಳಗಿನ ಮಾತ್ರೆಯನ್ನೂ ಬಿಟ್ಟು, ಒಂದೇ ಗಂಟೆಗೆ ವಾಪಸ್ ಬರುತ್ತಾರೆ. ಹೀಗೆ ಬಂದ ನಂಬರು ನಿಮ್ಮ ಮಾಮೂಲಿ ದಿನದ ನಂಬರಲ್ಲ. ದಿನಾ ತಿನ್ನುವಷ್ಟೇ ತಿನ್ನಿ, ದಿನಾ ನುಂಗುವ ಮಾತ್ರೆಯನ್ನೇ ನುಂಗಿ, ಮೊದಲ ತುತ್ತು ಬಾಯಿಗಿಟ್ಟ ಹೊತ್ತಿನಿಂದ ಎರಡು ಗಂಟೆ ಲೆಕ್ಕ ಹಾಕಿ. ರಿಪೋರ್ಟ್ ಚೆನ್ನಾಗಿ ಬರಲಿ ಅಂತ ಪರೀಕ್ಷೆ ಮಾಡಿಸಿದರೆ ಡಾಕ್ಟರಿಗೆ ಬೇಕಾದ ಮಾಹಿತಿ ಸಿಗುವುದಿಲ್ಲ.

ಈಗ ಗುರಿಯ ವಿಷಯ. ಸಕ್ಕರೆ ಕಾಯಿಲೆ ಇರುವ ಹೆಚ್ಚಿನ ವಯಸ್ಕರಿಗೆ ಎಚ್‌ಬಿಎ1ಸಿ 7ಕ್ಕಿಂತ ಕೆಳಗೆ, ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟ ಆದ ಮೇಲೆ 180ರೊಳಗೆ ಇದ್ದರೆ ಸಾಕು ಅನ್ನುತ್ತಾರೆ. ಲ್ಯಾಬ್ ರಿಪೋರ್ಟಿನಲ್ಲಿ ಪಕ್ಕದಲ್ಲೇ 70–100 ಅಂತ ಅಚ್ಚಾಗಿರುತ್ತದಲ್ಲ, ಅದು ಕಾಯಿಲೆ ಇಲ್ಲದವರ ಲೆಕ್ಕ. ನಿಮ್ಮ ಗುರಿ ಅದಲ್ಲ. 118ರ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ 'ಹೈ' ಅಂತ ಇರುತ್ತದೆ, ಅದನ್ನು ನೋಡಿ ಹೆದರಿ ಊಟ ಬಿಟ್ಟವರನ್ನು ನಾನು ಕಂಡಿದ್ದೇನೆ. ಆ ಕಾಲಮ್ಮಿನ ಪಕ್ಕದಲ್ಲಿ ನಿಮ್ಮ ಡಾಕ್ಟರ್ ಹೇಳಿದ ಗುರಿಯನ್ನು ಪೆನ್ನಿನಲ್ಲಿ ಬರೆದುಕೊಳ್ಳಿ.

8.6 ಇದ್ದರೇನು, 7 ಇದ್ದರೇನು, ನನಗೇನೂ ತೊಂದರೆ ಇಲ್ಲವಲ್ಲ ಅಂತ ಅನ್ನಿಸಬಹುದು. ಬ್ರಿಟನ್ನಿನಲ್ಲಿ ಯುಕೆಪಿಡಿಎಸ್ ಅಂತ ದೊಡ್ಡ ಅಧ್ಯಯನ ನಡೆಯಿತು. ಫಲಿತಾಂಶ 1998ರಲ್ಲಿ ಹೊರಗೆ ಬಂತು. ಹೊಸದಾಗಿ ಕಾಯಿಲೆ ಗೊತ್ತಾದವರನ್ನು ಎರಡು ಗುಂಪು ಮಾಡಿ ಸುಮಾರು ಹತ್ತು ವರ್ಷ ನೋಡಿದರು. ಒಂದು ಗುಂಪಿನ ಎಚ್‌ಬಿಎ1ಸಿ 7ರ ಹತ್ತಿರ ಇತ್ತು, ಇನ್ನೊಂದರದು 7.9. ವ್ಯತ್ಯಾಸ ಒಂದಕ್ಕಿಂತಲೂ ಕಡಿಮೆ. ಆದರೂ ಕಣ್ಣು, ಕಿಡ್ನಿಯಂಥ ಕಡೆ ಸಣ್ಣ ರಕ್ತನಾಳಗಳಿಗೆ ಆಗುವ ಹಾನಿ ಮೊದಲ ಗುಂಪಿನಲ್ಲಿ ಕಾಲು ಭಾಗ ಕಡಿಮೆ ಇತ್ತು. ನಿಮ್ಮ ಡಾಕ್ಟರು ಮಾತ್ರೆ ಜಾಸ್ತಿ ಮಾಡಿದ್ದು ಇದಕ್ಕೇ. ಮುಂದಿನ ಸಲ ಹೋದಾಗ "ನನ್ನ ಎಚ್‌ಬಿಎ1ಸಿ ಎಷ್ಟಕ್ಕೆ ಬರಬೇಕು, ಎಷ್ಟು ತಿಂಗಳಲ್ಲಿ?" ಅಂತ ಕೇಳಿ. ಜೊತೆಗೆ ಹಿಮೋಗ್ಲೋಬಿನ್ ಕೂಡ ನೋಡಿಸಿ. ಕಬ್ಬಿಣದಂಶ ಕಡಿಮೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು.

ಪ್ರಶ್ನೆ: ನಮ್ಮಮ್ಮನಿಗೆ 78 ವರ್ಷ. ಚನ್ನರಾಯಪಟ್ಟಣದ ಹತ್ತಿರ ಹಳ್ಳಿಯಲ್ಲಿ ಒಬ್ಬರೇ ಇದ್ದಾರೆ. ಇಪ್ಪತ್ತು ವರ್ಷದಿಂದ ಶುಗರ್ ಇದೆ. ಬೆಳಿಗ್ಗೆ ಗ್ಲಿಮಿಪಿರೈಡ್ ಮಾತ್ರೆ, ರಾತ್ರಿ ಇನ್ಸುಲಿನ್. ಈ ಸಲ ಎಚ್‌ಬಿಎ1ಸಿ 6.2 ಬಂದಿದೆ. ಮನೆಯವರಿಗೆಲ್ಲ ಖುಷಿ. ಆದರೆ ಅಮ್ಮ ಬೆಳಗಿನ ಜಾವ ಮೈಯೆಲ್ಲ ಬೆವರಿ ಎದ್ದು ಕೂರುತ್ತಾರಂತೆ, ಕೈ ನಡುಗುತ್ತದಂತೆ. ಒಂದು ಚೂರು ಬೆಲ್ಲ ತಿಂದರೆ ಸರಿಹೋಗುತ್ತದಂತೆ. ಇದು ವಯಸ್ಸಿನ ಸುಸ್ತಾ?
– ಓದುಗರು, ಬೆಂಗಳೂರು

ಉತ್ತರ: ಅಲ್ಲಮ್ಮ, ಇದು ವಯಸ್ಸಿನ ಸುಸ್ತಲ್ಲ. ನೀವು ಬರೆದಿರುವುದು ಲೋ ಶುಗರ್‌ನ ಲಕ್ಷಣ. ಪತ್ರ ಓದಿದ ಕೂಡಲೇ ನಿಮಗೆ ಫೋನ್ ಮಾಡಿಸಿದೆ. ಬೇರೆ ಮನೆಗಳಲ್ಲೂ ಇಂಥ ಅಮ್ಮಂದಿರು ಇದ್ದಾರೆ ಅಂತ ಇಲ್ಲಿಯೂ ಬರೆಯುತ್ತಿದ್ದೇನೆ.

ಶುಗರ್ 70ಕ್ಕಿಂತ ಕೆಳಗೆ ಇಳಿದರೆ ಬೆವರು, ನಡುಕ, ಎದೆ ಡವಡವ, ತಲೆ ಸುತ್ತು, ಮಾತು ತೊದಲುವುದು ಆಗಬಹುದು. ರಾತ್ರಿ ಹೊತ್ತು ಆದರೆ ಕೆಟ್ಟ ಕನಸು, ಬೆಳಿಗ್ಗೆ ತಲೆನೋವು. ಇನ್ಸುಲಿನ್ ಮತ್ತು ಗ್ಲಿಮಿಪಿರೈಡ್ ಎರಡೂ ಶುಗರ್ ಕೆಳಗೆ ಬೀಳಿಸಬಲ್ಲ ಔಷಧಿಗಳು. ವಯಸ್ಸಾದವರು ರಾತ್ರಿ ಹಸಿವಿಲ್ಲ ಅಂತ ಅರ್ಧ ಊಟ ಬಿಡುತ್ತಾರೆ, ಇನ್ಸುಲಿನ್ ಮಾತ್ರ ಅಷ್ಟೇ ತೆಗೆದುಕೊಳ್ಳುತ್ತಾರೆ. ಕಿಡ್ನಿ ಸ್ವಲ್ಪ ಕುಗ್ಗಿದ್ದರೆ ಔಷಧಿ ಮೈಯಲ್ಲಿ ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆ.

6.2 ನೋಡಿ ಖುಷಿಪಟ್ಟಿದ್ದು ಸಹಜ. ಕಡಿಮೆ ಆದಷ್ಟೂ ಒಳ್ಳೆಯದು ಅಂತಲೇ ಎಲ್ಲರೂ ತಿಳಿದಿರುವುದು. ಅದು ಸರಿಯಲ್ಲ ಅಂತ ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ಅಕಾರ್ಡ್ ಅಧ್ಯಯನ ತೋರಿಸಿತು. ಹೃದ್ರೋಗದ ಅಪಾಯ ಜಾಸ್ತಿ ಇದ್ದ ಹತ್ತು ಸಾವಿರಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಒಂದು ಗುಂಪಿಗೆ ಎಚ್‌ಬಿಎ1ಸಿ 6ಕ್ಕಿಂತ ಕೆಳಗೆ ತರಬೇಕು ಅಂತ ಔಷಧಿ ಏರಿಸುತ್ತಾ ಹೋದರು. ಆ ಗುಂಪಿನಲ್ಲೇ ಸಾವು ಜಾಸ್ತಿ ಆಯಿತು. 2008ರ ಫೆಬ್ರವರಿಯಲ್ಲಿ ಆ ಭಾಗವನ್ನು ನಡುವೆಯೇ ನಿಲ್ಲಿಸಿದರು.

ಹೆಚ್ಚು ವಯಸ್ಸಾದವರಿಗೆ, ಒಬ್ಬರೇ ಇರುವವರಿಗೆ, ಬೇರೆ ಕಾಯಿಲೆಗಳಿರುವವರಿಗೆ ಎಚ್‌ಬಿಎ1ಸಿ 8ರ ಆಸುಪಾಸು ಇದ್ದರೂ ಡಾಕ್ಟರುಗಳು ಒಪ್ಪುತ್ತಾರೆ. ಅದು ಅಸಡ್ಡೆ ಅಲ್ಲ, ಲೆಕ್ಕಾಚಾರ. ಸ್ವಲ್ಪ ಜಾಸ್ತಿ ಶುಗರ್‌ನಿಂದ ಕಣ್ಣು, ಕಿಡ್ನಿ ಹಾಳಾಗಲು ವರ್ಷಗಳು ಬೇಕು. ಲೋ ಶುಗರ್ ಆಗಿ ಬಚ್ಚಲಲ್ಲಿ ಬಿದ್ದರೆ ಸೊಂಟದ ಮೂಳೆ ಇವತ್ತೇ ಮುರಿಯುತ್ತದೆ.

ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ. ಡಾಕ್ಟರಿಗೆ ಇವತ್ತೇ ಹೇಳಿ, ಡೋಸ್ ಎಷ್ಟು ಇಳಿಸಬೇಕು ಅಂತ ಅವರೇ ಹೇಳಲಿ. ಅಮ್ಮನ ಮಂಚದ ಪಕ್ಕ ಸಕ್ಕರೆ ಡಬ್ಬಿ, ಚಮಚ, ನೀರಿನ ಲೋಟ ಇರಲಿ. ಬೆವರು, ನಡುಕ ಬಂದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಲಿ. ಹದಿನೈದು ನಿಮಿಷ ಬಿಟ್ಟು ಗ್ಲೂಕೋಮೀಟರಿನಲ್ಲಿ ನೋಡಲಿ, 70 ದಾಟಿಲ್ಲದಿದ್ದರೆ ಇನ್ನೊಂದು ಸಲ ಕುಡಿಯಲಿ. ಆಮೇಲೆ ಎರಡು ಬಿಸ್ಕೆಟ್ಟೋ ಸ್ವಲ್ಪ ಅನ್ನವೋ ತಿನ್ನಲೇಬೇಕು, ಇಲ್ಲದಿದ್ದರೆ ಮತ್ತೆ ಇಳಿಯುತ್ತದೆ. ಪಕ್ಕದ ಮನೆಯವರಿಗೂ ಹೇಳಿಡಿ: ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಫೋನ್ ಮಾಡಬೇಕು.

ಪ್ರಶ್ನೆ: ನನ್ನ ಮಗ ಇಂಗ್ಲೆಂಡಿನಲ್ಲಿದ್ದಾನೆ. ಅವನಿಗೂ ನನ್ನ ಹಾಗೆ ಸಕ್ಕರೆ ಕಾಯಿಲೆ. ಅವನ ಶುಗರ್ ಬೆಳಿಗ್ಗೆ ಬರೀ 7 ಅಂತೆ. ನನ್ನದು 130. ನಾನು ಇಷ್ಟೊಂದು ಹಿಂದೆ ಇದ್ದೇನಲ್ಲ ಅಂತ ರಾತ್ರಿ ಊಟ ಬಿಟ್ಟಿದ್ದೇನೆ. ಆದರೆ ಅವನ ಎಚ್‌ಬಿಎ1ಸಿ 53 ಅಂತೆ, ನನ್ನದು 7.1. ತಲೆಬುಡ ಅರ್ಥವಾಗುತ್ತಿಲ್ಲ.
– ಓದುಗರು, ಕುಂದಾಪುರ

ಉತ್ತರ: ದಯವಿಟ್ಟು ಇವತ್ತೇ ರಾತ್ರಿ ಊಟ ಶುರು ಮಾಡಿ. ಅಪ್ಪ ಮಗ ಇಬ್ಬರೂ ಹೆಚ್ಚುಕಡಿಮೆ ಒಂದೇ ಕಡೆ ಇದ್ದೀರಿ. ಅಲ್ಲಿ ಅಳತೆಯೇ ಬೇರೆ. ನಮ್ಮಲ್ಲಿ ರಕ್ತದ ಸಕ್ಕರೆಯನ್ನು ಮಿಲಿಗ್ರಾಂ ಲೆಕ್ಕದಲ್ಲಿ ಹೇಳುತ್ತಾರೆ, ಅಲ್ಲಿ ಮಿಲಿಮೋಲ್ ಲೆಕ್ಕದಲ್ಲಿ. ಅವರ ನಂಬರನ್ನು 18ರಿಂದ ಗುಣಿಸಿ. 7 ಅಂದರೆ ನಮ್ಮ 126. ಎಚ್‌ಬಿಎ1ಸಿ ಕೂಡ ಅಲ್ಲಿ ಬೇರೆ ಲೆಕ್ಕ. ಅವರ 53 ಅಂದರೆ ನಮ್ಮ 7. ನಿಮ್ಮ 7.1 ಅಲ್ಲಿ 54 ಆಗುತ್ತದೆ. ದುಬೈ, ಅಮೆರಿಕ, ಆಸ್ಟ್ರೇಲಿಯಾದಲ್ಲಿ ಮಕ್ಕಳಿರುವವರು ಫೋನಿನಲ್ಲಿ ನಂಬರ್ ಹೋಲಿಸುವಾಗ ಮೊದಲು ಯಾವ ಅಳತೆ ಅಂತ ಕೇಳಿಕೊಳ್ಳಿ. ಅಳತೆ ಒಂದೇ ಆದರೂ ಗುರಿ ಒಂದೇ ಇರಬೇಕಿಲ್ಲ. ಮಗನ ವಯಸ್ಸಿಗೆ ಒಂದು, ನಿಮ್ಮ ವಯಸ್ಸಿಗೆ ಒಂದು.

ಪ್ರಶ್ನೆ: ನಮ್ಮ ಯಜಮಾನರಿಗೆ ಶುಗರ್ ಅಂತ ಗೊತ್ತಾದ ಮೇಲೆ ಅನ್ನ ಪೂರ್ತಿ ಬಿಡಿಸಿದ್ದೇನೆ. ಎರಡು ಹೊತ್ತೂ ಎರಡೆರಡು ರಾಗಿ ಮುದ್ದೆ. ಆದರೂ ಊಟ ಆದ ಮೇಲೆ 260 ಬರುತ್ತದೆ. ರಾಗಿ ಶುಗರ್‌ಗೆ ಒಳ್ಳೆಯದಲ್ವಾ?
– ಓದುಗರು, ಮದ್ದೂರು

ಉತ್ತರ: ರಾಗಿ ಒಳ್ಳೆಯದೇ. ಅಕ್ಕಿಗಿಂತ ನಾರಿನಂಶ, ಕ್ಯಾಲ್ಸಿಯಂ ಜಾಸ್ತಿ. ಆದರೆ ರಾಗಿ ಹಿಟ್ಟಿನಲ್ಲೂ ಸುಮಾರು ಮೂರನೇ ಎರಡು ಪಾಲು ಪಿಷ್ಟವೇ. ಅದು ಹೊಟ್ಟೆಯಲ್ಲಿ ಸಕ್ಕರೆಯೇ ಆಗುವುದು. ನುಣ್ಣಗೆ ಬೀಸಿ, ಚೆನ್ನಾಗಿ ಬೇಯಿಸಿ, ಅಗಿಯದೆ ನುಂಗುತ್ತೇವೆ. ನಮ್ಮ ಕಡೆ ಮುದ್ದೆಯ ಗಾತ್ರವೂ ನಿಮಗೆ ಗೊತ್ತಲ್ಲ.

ಅನ್ನ ಪೂರ್ತಿ ಬಿಡಿಸಬೇಕಿರಲಿಲ್ಲ, ಮುದ್ದೆಯನ್ನೂ ಬಿಡಿಸಬೇಕಿಲ್ಲ. ಎರಡು ಮುದ್ದೆಯ ಜಾಗದಲ್ಲಿ ಒಂದು ಸಣ್ಣದು ಮಾಡಿ. ತಟ್ಟೆಯಲ್ಲಿ ಅರ್ಧ ಭಾಗ ಸೊಪ್ಪು, ಹುರುಳಿಕಾಯಿ, ಬೀನ್ಸ್, ಸೌತೆಕಾಯಿ ಇರಲಿ. ಮಸ್ಸೊಪ್ಪು, ಕಾಳಿನ ಸಾರು ಗಟ್ಟಿಯಾಗಿ ಬಡಿಸಿ. ಊಟ ಶುರು ಮಾಡಿದ ಎರಡು ಗಂಟೆಗೆ ಮನೆಯಲ್ಲೇ ಗ್ಲೂಕೋಮೀಟರಿನಲ್ಲಿ ನೋಡಿ. ಇನ್ನೊಂದು ದಿನ ಅಷ್ಟೇ ಸಾರಿಗೆ ಒಂದು ಸಣ್ಣ ಬಟ್ಟಲು ಅನ್ನ ಕೊಟ್ಟು ನೋಡಿ. ಎರಡನ್ನೂ ಪುಸ್ತಕದಲ್ಲಿ ಬರೆದಿಡಿ. ಯಾವ ಊಟಕ್ಕೆ 180ರೊಳಗೆ ಇರುತ್ತದೆ ಅಂತ ಅವರ ಮೈಯೇ ಹೇಳುತ್ತದೆ. ಗುರಿ ಗೊತ್ತಿದ್ದರೆ ಅಡುಗೆಮನೆಯಲ್ಲಿ ಇಂಥ ಕೆಲಸಕ್ಕೆ ಬರುತ್ತದೆ. ಗುರಿ ಗೊತ್ತಿಲ್ಲದಿದ್ದರೆ ಅವರಿವರು ಹೇಳಿದ್ದನ್ನೆಲ್ಲ ಬಿಡುತ್ತಾ ಹೋಗುತ್ತೇವೆ, ಶುಗರ್ ಮಾತ್ರ ಇದ್ದಲ್ಲೇ ಇರುತ್ತದೆ.

ಇಷ್ಟಾದರೂ 260 ಇಳಿಯದಿದ್ದರೆ ಊಟದ ತಪ್ಪು ಅಂತ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಔಷಧಿ ಬದಲಾಯಿಸಬೇಕಾಗಿರುತ್ತದೆ. ಆ ಪುಸ್ತಕವನ್ನೇ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಲಾರಿ ಓಡಿಸುತ್ತೇನೆ. ಆರು ತಿಂಗಳು ಮಾತ್ರೆ ತಗೊಂಡೆ, ಶುಗರ್ ನಾರ್ಮಲ್ ಬಂತು. ಇನ್ನು ಮಾತ್ರೆ ನಿಲ್ಲಿಸಬಹುದಾ?
– ಓದುಗರು, ಚಿತ್ರದುರ್ಗ

ಉತ್ತರ: ನೀವಾಗಿ ನಿಲ್ಲಿಸಬೇಡಿ. ನಾರ್ಮಲ್ ಬಂದಿರುವುದು ಮಾತ್ರೆಯಿಂದ. ಹೌದು, ಕೆಲವರಿಗೆ ಮಾತ್ರೆ ಇಲ್ಲದೆಯೂ ನಿಲ್ಲುತ್ತದೆ. ಹೊಸದಾಗಿ ಕಾಯಿಲೆ ಬಂದು, ತೂಕ ಚೆನ್ನಾಗಿ ಇಳಿಸಿದವರಲ್ಲಿ ಇದು ಜಾಸ್ತಿ. ಮಾತ್ರೆ ಬಿಟ್ಟು ಕನಿಷ್ಠ ಮೂರು ತಿಂಗಳಾದ ಮೇಲೂ ಎಚ್‌ಬಿಎ1ಸಿ 6.5ಕ್ಕಿಂತ ಕೆಳಗಿದ್ದರೆ ಮಾತ್ರ ಹಾಗೆ ಹೇಳಬಹುದು. ಡಾಕ್ಟರ್ ಕಣ್ಗಾವಲಿನಲ್ಲಿ ಮಾಡಬೇಕಾದ ಕೆಲಸ ಅದು. ನೀವು ಗಾಡಿ ಓಡಿಸುವವರು. ನುಂಗುತ್ತಿರುವ ಮಾತ್ರೆ ಲೋ ಶುಗರ್ ಮಾಡುವಂಥದ್ದಾ ಅಂತ ಕೂಡ ಕೇಳಿಕೊಳ್ಳಿ, ಸಕ್ಕರೆ ಪೊಟ್ಟಣ ಕ್ಯಾಬಿನ್ನಿನಲ್ಲೇ ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಡಾಕ್ಟರ ಹತ್ತಿರ ಐದು ನಿಮಿಷವೂ ಸಿಗುವುದಿಲ್ಲ. ಗುರಿ ಏನು ಅಂತ ಕೇಳಿದೆ. "ಶುಗರ್ ಕಡಿಮೆ ಮಾಡ್ಕೊಳ್ಳಿ, ಅಷ್ಟೇ" ಅಂದರು. ಮತ್ತೆ ಕೇಳಲು ಭಯ. ನಾನು ಏನು ತಿಳಿದುಕೊಂಡಿರಬೇಕು?
– ಓದುಗರು, ದಾವಣಗೆರೆ

ಉತ್ತರ: ಭಯ ಬೇಡ. ನಿಮ್ಮ ಗುರಿ ತಿಳಿದುಕೊಳ್ಳುವುದು ನಿಮ್ಮ ಹಕ್ಕು. ಹೊರಗೆ ನೂರು ಜನ ಕಾಯುತ್ತಿರುವಾಗ ಡಾಕ್ಟರಿಗೂ ಹೊತ್ತಿರುವುದಿಲ್ಲ, ಅದೂ ನಿಜ. ಹಾಗಾಗಿ ಮನೆಯಿಂದ ಹೊರಡುವಾಗಲೇ ಫೈಲಿನ ಮೇಲೆ ಬರೆದುಕೊಂಡು ಹೋಗಿ. "ಎಚ್‌ಬಿಎ1ಸಿ ಗುರಿ", "ಬಿಪಿ ಗುರಿ", "ಎಲ್‌ಡಿಎಲ್ ಗುರಿ" ಅಂತ ಬರೆದು ಪಕ್ಕದಲ್ಲಿ ಖಾಲಿ ಬಿಡಿ. ಫೈಲ್ ಮುಂದಿಟ್ಟು "ಇಷ್ಟು ತುಂಬಿಸಿಕೊಡಿ ಸಾರ್" ಅನ್ನಿ. ಅರ್ಧ ನಿಮಿಷದ ಕೆಲಸ. ಅವರು ಹೇಳಿದ್ದನ್ನು ನೀವು ಒಂದು ಸಲ ತಿರುಗಿ ಹೇಳಿ. ತಪ್ಪಾಗಿ ಕೇಳಿಸಿಕೊಂಡಿದ್ದರೆ ಅಲ್ಲೇ ಗೊತ್ತಾಗುತ್ತದೆ. ಆಗಲೂ ಆಗದಿದ್ದರೆ ಅಲ್ಲಿನ ನರ್ಸ್, ಫಾರ್ಮಸಿಸ್ಟ್ ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ ಶುಗರ್, ಬಿಪಿಯಂಥ ಕಾಯಿಲೆ ನೋಡುವ ಎನ್‌ಸಿಡಿ ಕ್ಲಿನಿಕ್ಕಿನವರನ್ನು ಕೇಳಿ.

ಬಿಪಿ, ಎಲ್‌ಡಿಎಲ್ ಯಾಕೆ ಅಂತೀರಾ? ಸಕ್ಕರೆ ಕಾಯಿಲೆಯವರ ಜೀವಕ್ಕೆ ದೊಡ್ಡ ಕುತ್ತು ಬರುವುದು ಹೃದಯದಿಂದ. ಬಿಪಿ ಸಾಮಾನ್ಯವಾಗಿ 130/80ರ ಒಳಗೆ ಇರಲಿ ಅನ್ನುತ್ತಾರೆ. ಎಲ್‌ಡಿಎಲ್ ಅಂದರೆ ಕೆಟ್ಟ ಕೊಬ್ಬು. ನಲವತ್ತು ದಾಟಿದ ಬಹಳಷ್ಟು ಸಕ್ಕರೆ ರೋಗಿಗಳಿಗೆ ಅದು 70ರ ಒಳಗೆ ಇರಬೇಕು ಅನ್ನುತ್ತಾರೆ, ಹಾರ್ಟ್ ಅಟ್ಯಾಕ್ ಆದವರಿಗೆ ಇನ್ನೂ ಕೆಳಗೆ. ಲ್ಯಾಬ್ ರಿಪೋರ್ಟಿನಲ್ಲಿ 110 ಇದ್ದರೂ ನಾರ್ಮಲ್ ಹತ್ತಿರ ಅಂತಲೇ ಕಾಣಬಹುದು. "ನನಗೆ ಕೊಲೆಸ್ಟ್ರಾಲ್ ಇಲ್ಲ, ಆ ಮಾತ್ರೆ ಯಾಕೆ" ಅಂತ ಬಿಟ್ಟುಬಿಡುವವರು ಬಹಳ ಜನ. ದಯವಿಟ್ಟು ಬಿಡಬೇಡಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಸಮೀಕ್ಷೆ ದೇಶವಿಡೀ ನಡೆದಿದೆ. ನಮ್ಮಲ್ಲಿ ಸುಮಾರು 10 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ ಅಂತ 2023ರಲ್ಲಿ ಹೇಳಿದ್ದು ಅದೇ. ಕಾಯಿಲೆ ಇದೆ ಅಂತ ಗೊತ್ತಿದ್ದವರಲ್ಲಿ ಶುಗರ್ ಗುರಿ ಮುಟ್ಟಿದವರು ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಶುಗರ್, ಬಿಪಿ, ಕೊಲೆಸ್ಟ್ರಾಲ್ ಮೂರರಲ್ಲೂ ಗುರಿ ಮುಟ್ಟಿದವರು ನೂರಕ್ಕೆ ಎಂಟು ಜನವೂ ಇಲ್ಲ. ಜನಕ್ಕೆ ಶಿಸ್ತಿಲ್ಲ ಅಂತ ಹೇಳಿಬಿಡುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಎಲ್ಲಿಗೆ ಮುಟ್ಟಬೇಕು ಅಂತ ಅವರಿಗೆ ಯಾರೂ ಕೂರಿಸಿಕೊಂಡು ಹೇಳಿಲ್ಲ. ಹೆಂಗಸರ ವಿಷಯದಲ್ಲಂತೂ ಇನ್ನೂ ಬೇಜಾರು. ಕಾಯಿಲೆ ಅಮ್ಮನದು, ಫೈಲ್ ಮಗನ ಕೈಯಲ್ಲಿ, ಡಾಕ್ಟರ್ ಮಾತಾಡುವುದೂ ಮಗನ ಹತ್ತಿರ. ನಾನು ಕುರ್ಚಿ ತಿರುಗಿಸಿ ಅಮ್ಮನಿಗೇ ಹೇಳುತ್ತೇನೆ. ಓದು ಬರದಿದ್ದರೂ ಏಳು, ಎಂಟು ಅನ್ನುವುದು ಎಲ್ಲರಿಗೂ ಅರ್ಥವಾಗುತ್ತದೆ.

ಇನ್ನು ಮೂರು ಕೆಲಸ, ವರ್ಷಕ್ಕೊಂದು ಸಲ. ಮೂತ್ರದಲ್ಲಿ ಅಲ್ಬುಮಿನ್ ಅನ್ನುವ ಪ್ರೋಟೀನ್ ಹೋಗುತ್ತಿದೆಯಾ ಅಂತ ಪರೀಕ್ಷೆ ಮಾಡಿಸಿ, ಕಿಡ್ನಿಯ ತೊಂದರೆ ಮೊದಲು ಗೊತ್ತಾಗುವುದು ಅಲ್ಲಿ. ಕಣ್ಣಿಗೆ ಔಷಧಿ ಬಿಟ್ಟು ಒಳಗಿನ ಪರದೆ (ರೆಟಿನಾ) ನೋಡಿಸಿ, ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ನೋಡಿಸಿ. ಅವತ್ತು ಸ್ವಲ್ಪ ಹೊತ್ತು ಮಂಜಾಗಿರುತ್ತದೆ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ. ಪಾದಕ್ಕೆ ನೈಲಾನ್ ಎಳೆ ಮುಟ್ಟಿಸಿ ಸ್ಪರ್ಶ ಗೊತ್ತಾಗುತ್ತದಾ ಅಂತ ನೋಡುತ್ತಾರೆ, ಅದನ್ನೂ ಕೇಳಿ ಮಾಡಿಸಿಕೊಳ್ಳಿ.

ಪ್ರಶ್ನೆ: ನನಗೆ ಈಗ ಆರು ತಿಂಗಳು. ಗರ್ಭಿಣಿ ಆದ ಮೇಲೆ ಶುಗರ್ ಬಂದಿದೆ. ಬೆಳಿಗ್ಗೆ 102 ಇರುತ್ತದೆ. ಅತ್ತೆಯವರಿಗೂ ಸಕ್ಕರೆ ಕಾಯಿಲೆ, ಅವರು "ನನಗೆ 130 ಇದ್ದರೂ ಡಾಕ್ಟ್ರು ಏನೂ ಅನ್ನಲ್ಲ, ನಿಂದು ನಾರ್ಮಲ್" ಅನ್ನುತ್ತಾರೆ. ಹೌದಾ?
– ಓದುಗರು, ಭದ್ರಾವತಿ

ಉತ್ತರ: ಅತ್ತೆಯವರಿಗೆ 130 ಸರಿ ಇರಬಹುದು, ನಿಮಗೆ ಅಲ್ಲ. ಗರ್ಭಿಣಿಯರ ಗುರಿ ಬಿಗಿ. ಖಾಲಿ ಹೊಟ್ಟೆಯಲ್ಲಿ 95ಕ್ಕಿಂತ ಕಡಿಮೆ, ಊಟ ಆದ ಎರಡು ಗಂಟೆಗೆ 120ಕ್ಕಿಂತ ಕಡಿಮೆ ಇರಬೇಕು. ಶುಗರ್ ಜಾಸ್ತಿ ಇದ್ದರೆ ಮಗು ತೀರಾ ದಪ್ಪ ಬೆಳೆದು ಹೆರಿಗೆ ಕಷ್ಟವಾಗಬಹುದು, ಹುಟ್ಟಿದ ಮಗುವಿಗೆ ಲೋ ಶುಗರ್ ಆಗಬಹುದು. ದಿನಾ ಬೆಳಿಗ್ಗೆ 102 ಬರುತ್ತಿದೆ ಅಂದರೆ ಈ ವಾರವೇ ಡಾಕ್ಟರಿಗೆ ತೋರಿಸಿ. ಇನ್ಸುಲಿನ್ ಕೊಟ್ಟರೆ ಹೆದರಬೇಡಿ, ಅದರಿಂದ ಮಗುವಿಗೆ ತೊಂದರೆ ಇಲ್ಲ. ಮಗುವಿಗೂ ಸೇರಿಸಿ ಇಬ್ಬರ ಊಟ ಮಾಡು ಅನ್ನುವವರ ಮಾತು ಬೇಡ, ಹಾಗಂತ ಉಪವಾಸವೂ ಬೇಡ. ಸ್ವಲ್ಪ ಸ್ವಲ್ಪ, ಮೂರು ಊಟ, ಮಧ್ಯೆ ಎರಡು ಮೂರು ಸಲ ಲಘುವಾಗಿ ತಿನ್ನಿ. ಹೆರಿಗೆ ಆದ ಆರು ವಾರಕ್ಕೆ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ ಮತ್ತೆ ಮಾಡಿಸಬೇಕು. ಬಾಣಂತನದ ಗಡಿಬಿಡಿಯಲ್ಲಿ ಎಲ್ಲರೂ ಮರೆಯುವುದು ಅದನ್ನೇ, ಆ ತಾರೀಖನ್ನು ತಾಯಿ ಕಾರ್ಡಿನಲ್ಲಿ ಈಗಲೇ ಬರೆಸಿಡಿ.